ಒಂದು ಕಾಲಿಗೆ ಎರಡು ಠಾಣೆ

ಪೊಯ್ಯಮೂಲೆ ಠಾಣೆಯ ಹೊಸ ಜೀಪು ಸರ್ಕಾರ ಕೊಟ್ಟದ್ದಲ್ಲ. ಸರ್ಕಾರದ ಹಳೆಯ ಜೀಪು ನಾಲ್ಕು ಜನ ತಳ್ಳದೆ ಅಂಗಳ ದಾಟುತ್ತಿರಲಿಲ್ಲ. ಹೊಸದಕ್ಕೆ ಬರೆದ ಮನವಿಗಳಿಗೆ 'ಅನುದಾನವಿಲ್ಲ' ಎಂಬ ಉತ್ತರ ಮಾತ್ರ ಬರುತ್ತಿತ್ತು. ಕೊನೆಗೆ ಎಸ್‌ಐ ತೀರ್ಥರಾಮ ಹೊಳೆಯ ಎರಡೂ ದಡದ ವ್ಯಾಪಾರಿಗಳನ್ನು ಕರೆದು, ಚಹಾ ಕುಡಿಸಿ, "ನಿಮ್ಮ ರಕ್ಷಣೆಗೇ ಅಲ್ವಾ?" ಎಂದು ಚಂದಾ ಎತ್ತಿಸಿದರು. ಸೇತುವೆಯ ತುದಿಯಲ್ಲಿ ಬೇಕರಿ ನಡೆಸುವ ಸುಹರಾ ಕೂಡ ಕೊಟ್ಟಳು. ಪೊಲೀಸರಿಗೆ ಇಲ್ಲ ಎನ್ನುವ ಧೈರ್ಯ ಯಾವ ಬೇಕರಿಗೂ ಇರುವುದಿಲ್ಲ.

ಹೊಳೆಯ ಈಚೆ ಸುಳ್ಯ ತಾಲೂಕು, ಆಚೆ ಕಡಬ. ಆಚೆಯ ಬಾರಿತ್ತಡ್ಕ ಠಾಣೆಗೂ ಗಟ್ಟಿ ಜೀಪು ಇರಲಿಲ್ಲ. ತನ್ನ ಸರಹದ್ದಿನ ವ್ಯಾಪಾರಿಗಳ ಹಣವೂ ಸೇತುವೆ ದಾಟಿ ಹೋಯಿತೆಂದು ತಿಳಿದ ದಿನವೇ ಅಲ್ಲಿನ ಎಸ್‌ಐ ಚಿನ್ಮಯೀ, ತೀರ್ಥರಾಮರ ಫೋನು ಎತ್ತುವುದನ್ನು ನಿಲ್ಲಿಸಿದರು. ಕಳ್ಳರು ಮಾತ್ರ ಮೊದಲಿನಂತೆ ಎರಡೂ ಕಡೆ ಓಡಾಡಿಕೊಂಡಿದ್ದರು.

ಆ ಸೇತುವೆಯ ಮೇಲೆಯೇ ಒಂದು ಮಧ್ಯಾಹ್ನ ಸುಹರಾಳ ಗಂಡ ಅಬ್ಬಾಸ್‌ಗೆ ಪಿಕಪ್ ಒಂದು ಗುದ್ದಿತು. ಸ್ಕೂಟರಿನಲ್ಲಿ ಬನ್ನಿನ ಪೆಟ್ಟಿಗೆ ಕಟ್ಟಿಕೊಂಡು ಆಚೆಯ ಅಂಗಡಿಗಳಿಗೆ ಹೊರಟಿದ್ದ ಮನುಷ್ಯ ರಸ್ತೆಗೆ ಬಿದ್ದ, ಪಿಕಪ್ ನಿಲ್ಲಲಿಲ್ಲ. ದಾರಿಹೋಕರು ಪುತ್ತೂರಿನ ಆಸ್ಪತ್ರೆಗೆ ಸೇರಿಸಿದರು. ಬಲಗಾಲಿನ ಮೂಳೆ ಎರಡು ತುಂಡಾಗಿತ್ತು.

ಮರುದಿನ ಸುಹರಾ ಪೊಯ್ಯಮೂಲೆ ಠಾಣೆಗೆ ಹೋದಳು.

"ಸೇತುವೆಯಲ್ಲಿ ಯಾವ ಜಾಗ?" ತೀರ್ಥರಾಮ ಕೇಳಿದರು.

"ನಡುವಿನಲ್ಲಿ ಸಾರ್."

"ನಡುವಿನಿಂದ ಆಚೆಯಾ, ಈಚೆಯಾ? ಬನ್ನು ಎಲ್ಲ ಆಚೆ ಕಡೆಗೆ ಚೆಲ್ಲಿತ್ತಂತಲ್ಲ. ಅದು ಬಾರಿತ್ತಡ್ಕದವರದ್ದು."

"ಸಾರ್, ನೀವೊಮ್ಮೆ ಬಂದು ನೋಡಬಾರದಾ?"

"ಹೇಗೆ ಬರುದು ಮಾರಾಯ್ತಿ? ಈ ತಿಂಗಳ ಡೀಸೆಲ್ ಮುಗಿದುಂಟು."

ಹೊಸ ಜೀಪು ಕಿಟಕಿಯ ಹೊರಗೆ ತಗಡಿನ ಚಪ್ಪರದಡಿ ಹೊಳೆಯುತ್ತ ನಿಂತಿತ್ತು. ಉದ್ಘಾಟನೆಯ ಹೂಮಾಲೆ ಒಣಗಿ ಕನ್ನಡಿಗೆ ಅಂಟಿಕೊಂಡಿತ್ತು. ಸೇತುವೆಗೆ ನಡೆದರೂ ಕೂಗಳತೆಯ ದಾರಿ. ಅದನ್ನು ಹೇಳಿದರೆ ಎಸ್‌ಐಗೆ ಅವಮಾನವಾದೀತೆಂದು ಅವಳು ಎದ್ದು ಆಚೆಯ ಠಾಣೆಗೆ ಹೊರಟಳು.

ಬಾರಿತ್ತಡ್ಕದಲ್ಲಿ ಚಿನ್ಮಯೀ ಪೂರ್ತಿ ಕೇಳಲೂ ಇಲ್ಲ. "ಜೀಪು ಅವರಿಗೆ, ಕೇಸು ನಮಗಾ? ಎಲ್ಲಿ ಕೊಟ್ಟಿದ್ದೀರೋ ಅಲ್ಲೇ ಕೇಳಿ."

"ಯಾವ ಠಾಣೆಯಲ್ಲಿ ಬೇಕಾದ್ರೂ ದೂರು ಬರೆಸ್ಲಿಕ್ಕೆ ಆಗ್ತದಂತಲ್ಲ ಮೇಡಂ?"

"ಕಾನೂನು ಕಲಿಸ್ಲಿಕ್ಕೆ ಬಂದದ್ದಾ?"

ಹೀಗೆ ವಾರ ಕಳೆಯಿತು. ಆಮೇಲೆ ಒಂದು ಸಂಜೆ ಆಸ್ಪತ್ರೆಯ ವಾರ್ಡಿಗೆ ಕಿತ್ತಳೆ ಹಿಡಿದುಕೊಂಡು ಅಪರಿಚಿತನೊಬ್ಬ ಬಂದ. ಮರ್ಕಂಜದ ರೂಪೇಶ್, ಕೋಳಿ ಸಾಗಿಸುವ ಪಿಕಪ್ ಓಡಿಸುವವನು. ಮಂಚದ ಕಾಲಬುಡದಲ್ಲಿ ನಿಂತು ನೆಲ ನೋಡುತ್ತ ಹೇಳಿದ: "ಗುದ್ದಿದ್ದು ನಾನೇ. ಹೆದರಿ ಓಡಿದೆ. ಆವತ್ತಿನಿಂದ ಊಟ ಸೇರುದಿಲ್ಲ."

ಸುಹರಾ ಕಿತ್ತಳೆಯ ಪ್ಲಾಸ್ಟಿಕ್ ತೊಟ್ಟೆಯನ್ನು ಕಸಿದು ಅವನ ಎದೆಗೇ ಎಸೆದಳು. ಹಣ್ಣುಗಳು ವಾರ್ಡಿಡೀ ಉರುಳಿದವು. "ನಿಂಗೆ ಊಟ ಸೇರುದಿಲ್ವಾ? ಇವರಿಗೆ ನಡಿಲಿಕ್ಕೇ ಆಗುದಿಲ್ಲ!"

ಅವನು ಬಗ್ಗಿ ಒಂದೊಂದೇ ಹಣ್ಣು ಹೆಕ್ಕತೊಡಗಿದ. ಮಂಚದ ಮೇಲಿಂದ ಅಬ್ಬಾಸ್ ಹೇಳಿದ: "ಬಿಡು ಸುಹರಾ. ಒಂದು ವಾರದಲ್ಲಿ ನನ್ನನ್ನು ಹುಡುಕಿಕೊಂಡು ಬಂದವ ಇವನೊಬ್ಬನೇ."

ಮರುದಿನ ಬೆಳಿಗ್ಗೆ ಸುಹರಾ ಮತ್ತು ರೂಪೇಶ್ ಒಂದೇ ರಿಕ್ಷಾದಲ್ಲಿ ಪೊಯ್ಯಮೂಲೆ ಠಾಣೆಗೆ ಬಂದರು. ಆರೋಪಿ ತಾನಾಗಿ ಬಂದಿದ್ದಾನೆ. ಇನ್ನೇನು ತಕರಾರು ಎಂದು ಅವಳ ಎಣಿಕೆ. ತೀರ್ಥರಾಮ ರೂಪೇಶನನ್ನು ಮೇಲಿಂದ ಕೆಳಗೆ ನೋಡಿದರು.

"ನಿನ್ನ ಗಾಡಿ ಗುದ್ದುವಾಗ ಯಾವ ಕಡೆಗೆ ಹೋಗ್ತಿತ್ತು?"

"ಆಚೆ ಕಡೆಗೆ ಸಾರ್."

"ಹಾಗಾದರೆ ಆಚೆಗೇ ಹೋಗು."

ಬಾರಿತ್ತಡ್ಕದಲ್ಲಿ ಚಿನ್ಮಯೀ ಕೇಳಿದ್ದು, "ಎಲ್ಲಿಂದ ಬರ್ತಿದ್ದದ್ದು?" ಪೊಯ್ಯಮೂಲೆ ಕಡೆಯಿಂದ ಎಂದ ರೂಪೇಶ್. "ಹಾಗಾದರೆ ಪೊಯ್ಯಮೂಲೆಯವರದ್ದೇ ಕೇಸು."

ಹೊರಗೆ ಬಂದಾಗ ರೂಪೇಶ್ ಅಳುವಂತಾಗಿದ್ದ. "ಅಕ್ಕಾ, ನಾನೆಂತ ಮಾಡುದು? ಇವರಿಗೆ ನಾನು ಬೇಡವಂತೆ."

ಸುಹರಾಳಿಗೆ ಆ ಕ್ಷಣ ಅವನ ಮೇಲಿದ್ದ ಸಿಟ್ಟೆಲ್ಲ ಬೇರೆ ಕಡೆಗೆ ತಿರುಗಿತು. ರಿಕ್ಷಾವನ್ನು ಮತ್ತೆ ಪೊಯ್ಯಮೂಲೆಗೆ ಬಿಡಿಸಿದಳು. ಠಾಣೆಯೊಳಗೆ ಹೋಗಲಿಲ್ಲ. ಚಪ್ಪರದಡಿಯ ಹೊಸ ಜೀಪಿನ ಬಾಗಿಲು ತೆಗೆದು, ರೂಪೇಶನನ್ನು ಹಿಂದಿನ ಸೀಟಿಗೆ ತಳ್ಳಿ, ತಾನು ಮುಂದೆ ಕೂತಳು.

"ಇಳೀರಿ! ಇದು ಇಲಾಖೆಯ ಗಾಡಿ!" ಕಾನ್‌ಸ್ಟೇಬಲ್ ಓಡಿ ಬಂದ.

"ಇಲಾಖೆ ಇದಕ್ಕೆ ಡೀಸೆಲಾದ್ರೂ ಹಾಕಿದ್ದುಂಟಾ? ಕೇಸು ಬರೆಯುವವರೆಗೆ ನಾನು ಇಳಿಯುದಿಲ್ಲ. ಗುದ್ದಿದವನನ್ನು ನಾನೇ ಹಿಡಿದು ತಂದು ನಿಮ್ಮ ಜೀಪಿನಲ್ಲಿ ಕೂರಿಸಿದ್ದೇನೆ. ಇನ್ನೂ ಎಂತ ಬೇಕು? ಬೇಡಿಯನ್ನೂ ನಾನೇ ಮಾಡಿಸಿ ತರುದಾ?"

ಬಸ್ಸಿಗೆ ಕಾಯುತ್ತಿದ್ದವರೆಲ್ಲ ಠಾಣೆಯಂಗಳಕ್ಕೆ ಬಂದರು. ತೀರ್ಥರಾಮ ಮೊದಲು ಗದರಿದರು, ಆಮೇಲೆ "ಅಮ್ಮಾ" ಎಂದರು. ಸುದ್ದಿ ಹೊಳೆ ದಾಟಿತು. ಕೇಸಿಗೆ ಬಾರದ ಚಿನ್ಮಯೀ ತಮಾಷೆ ನೋಡಲು ಬೈಕು ಹತ್ತಿ ಬಂದರು. ಎದುರಾಳಿಯ ಜೀಪಿನಲ್ಲಿ ಬೇಕರಿಯ ಹೆಂಗಸು ಕೂತ ಫೋಟೋ ತೆಗೆದು ನಗುತ್ತ ಯಾರಿಗೋ ಕಳಿಸಿದರು. ಅದು ಫೋನಿನಿಂದ ಫೋನಿಗೆ ಹಾರಿ ಪುತ್ತೂರಿನಲ್ಲಿದ್ದ ಡಿವೈಎಸ್‌ಪಿಯನ್ನು ತಲುಪಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಡಿವೈಎಸ್‌ಪಿ ಇಬ್ಬರನ್ನೂ ಫೋನಿನಲ್ಲಿ ಬೈದರು. ಅಬ್ಬಾಸನ ಕಾಲಿಗಾಗಿ ಅಲ್ಲ, ಫೋಟೋಗಾಗಿ.

ಅಲ್ಲಿಂದ ಮುಂದೆ ಪೊಲೀಸರ ಚುರುಕು ನೋಡಬೇಕಿತ್ತು. ತೀರ್ಥರಾಮ ರೂಪೇಶನ ಬಲಗೈ ಹಿಡಿದು "ನಮ್ಮ ಆರೋಪಿ" ಎಂದರು. ಚಿನ್ಮಯೀ ಎಡಗೈ ಹಿಡಿದು, "ಗಾಡಿ ನಮ್ಮ ಕಡೆಗೆ ಓಡಿದ್ದು, ನಮ್ಮವ" ಎಂದರು. ಬೆಳಿಗ್ಗೆಯಿಂದ ಯಾರಿಗೂ ಬೇಡವಾಗಿದ್ದ ರೂಪೇಶ್ ನಡುವಿನಲ್ಲಿ ತೂಗಾಡಿದ. ಕೊನೆಗೆ ತೀರ್ಥರಾಮ ಆರೋಪಿಯನ್ನು ಉಳಿಸಿಕೊಂಡರು. ಚಿನ್ಮಯೀ ಅವನ ಪಿಕಪ್ಪನ್ನು ಎಳೆದೊಯ್ದರು. ಸಂಜೆಯೊಳಗೆ ಎರಡೂ ಠಾಣೆಗಳಲ್ಲಿ ಒಂದೊಂದು ಎಫ್‌ಐಆರ್ ದಾಖಲಾಯಿತು. ಒಂದರ ಪ್ರಕಾರ ಅಬ್ಬಾಸ್ ಸೇತುವೆಯ ಈಚೆ ಬಿದ್ದಿದ್ದ, ಇನ್ನೊಂದರ ಪ್ರಕಾರ ಆಚೆ.

ಎರಡು ಎಫ್‌ಐಆರ್ ನೋಡಿದ ವಿಮಾ ಕಂಪನಿ ಕೈ ಕಟ್ಟಿ ಕೂತಿತು. ಜಾಮೀನಿನ ಮೇಲೆ ಬಂದ ರೂಪೇಶನಿಗೆ ಗಾಡಿಯಿಲ್ಲ, ದುಡಿಮೆಯಿಲ್ಲ. ಯಾರೂ ಹೇಳದೆ ಅವನು ಬೆಳಿಗ್ಗೆ ಬೇಕರಿಗೆ ಬಂದು, ಅಬ್ಬಾಸ್ ಒಯ್ಯುತ್ತಿದ್ದ ಬನ್ನನ್ನು ಸೈಕಲ್ಲಿಗೆ ಕಟ್ಟಿಕೊಂಡು ಆಚೆಯ ಅಂಗಡಿಗಳಿಗೆ ಕೊಟ್ಟು ಬರತೊಡಗಿದ. ಮೊದಮೊದಲು ಸುಹರಾ ಅವನ ಮುಖ ನೋಡುತ್ತಿರಲಿಲ್ಲ. ಮಳೆಗಾಲ ಹಿಡಿಯುವ ಹೊತ್ತಿಗೆ ಅವನಿಗೂ ಒಂದು ಲೋಟ ಚಹಾ ಇಡುತ್ತಿದ್ದಳು.

ತಿಂಗಳುಗಳ ನಂತರ ಕೋರ್ಟಿನಲ್ಲಿ ನ್ಯಾಯಾಧೀಶರು ಎರಡೂ ಕಡತ ಮುಂದಿಟ್ಟುಕೊಂಡು ಸುಹರಾಳನ್ನು ಕೇಳಿದರು: "ನಿಮ್ಮ ಗಂಡನಿಗೆ ಅಪಘಾತವಾದದ್ದು ಎಷ್ಟು ಸಲ?"

"ಗಾಡಿ ಗುದ್ದಿದ್ದು ಒಂದೇ ಸಲ ಸ್ವಾಮೀ," ಎಂದಳು ಸುಹರಾ. "ಪೊಲೀಸರು ಗುದ್ದಿದ್ದು ಲೆಕ್ಕ ಇಟ್ಟಿಲ್ಲ."

ಕೋರ್ಟು ನಕ್ಕಿತು. ತೀರ್ಥರಾಮರೂ ಚಿನ್ಮಯೀಯೂ ಅಕ್ಕಪಕ್ಕ ನಿಂತು ಒಂದೇ ಗೋಡೆ ನೋಡುತ್ತಿದ್ದರು. ಅಷ್ಟು ಒಗ್ಗಟ್ಟಿನಲ್ಲಿ ಅವರನ್ನು ಯಾರೂ ಕಂಡಿರಲಿಲ್ಲ. ಯಾವ ಎಫ್‌ಐಆರ್ ಉಳಿಯಬೇಕೆಂದು ನಿರ್ಧರಿಸಿ ಜಂಟಿ ವರದಿ ತರಲು ಅವರಿಗೆ ಮತ್ತೊಂದು ದಿನಾಂಕ ಸಿಕ್ಕಿತು. ಹೊರಗೆ ಮರದ ನೆರಳಿಗೆ ಬಂದದ್ದೇ ಇಬ್ಬರೂ ಆ ವರದಿಯ ಖರ್ಚು ಯಾರ ಠಾಣೆಯದ್ದೆಂದು ಜಗಳ ಶುರುಮಾಡಿದರು.

ಸುಹರಾ ಅದನ್ನು ಕೇಳಲು ನಿಲ್ಲಲಿಲ್ಲ. ಊರುಗೋಲಿನ ಅಬ್ಬಾಸನನ್ನು ರೂಪೇಶ್ ಭುಜ ಕೊಟ್ಟು ಬಸ್ಸಿನ ಮೆಟ್ಟಿಲು ಹತ್ತಿಸಿದ.