ಫಕ್ಕೀರವ್ವನ ಫಿನಿಶ್

ಪ್ರೇಮವ್ವ ಕೌದಿಯನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೊಸ್ತಿಲು ದಾಟುವಷ್ಟರಲ್ಲಿ ಪಕ್ಕದ ಮನೆಯ ಮುಮ್ತಾಜಬಿ ಅದರ ಚುಂಗು ಹಿಡಿದಳು.

"ಬಿಡಬೇ ಮುಮ್ತಾಜ. ನಮ್ಮಕ್ಕ ಅರ್ಧಕ್ಕ ಬಿಟ್ಟದ್ದು ಅಕಿ ಸಂಗಾಟನ ಕುಣ್ಯಾಗ ಹೋಗಬೇಕು. ಮನ್ಯಾಗ ಉಳದರ ಜೀವ ಅದರ ಸುತ್ತನ ತಿರಗತೈತಿ."

"ಅದರಾಗ ನಮ್ಮಮ್ಮನ ಸೀರಿ ಅದಾವ, ಪ್ರೇಮಕ್ಕಾ. ಅಕಿವು ಅಂತ ನನ್ನ ಹತ್ರ ಉಳದಿದ್ದು ಅವಷ್ಟ."

ಒಳಗೆ ಪ್ರೇಮವ್ವನ ಅಕ್ಕ ಫಕ್ಕೀರವ್ವನ ಹೆಣವನ್ನು ಗೋಡೆಗೆ ಒರಗಿಸಿ ಕೂಡಿಸಿ, ವಿಭೂತಿ ಹಚ್ಚಿ, ಮಾಲೆ ಹಾಕಿದ್ದರು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ. ಘಾಟಿಗೆ ಅತ್ತವರೂ ಅಳದವರೂ ಒಂದೇ ಸಮನೆ ಮೂಗು ಒರೆಸಿಕೊಳ್ಳುತ್ತಿದ್ದರು. ಓಣಿಯ ಎಸ್‌ಟಿಡಿ ಬೂತಿನಿಂದ ಫೋನು ಹೋಗಿ, ಹಾವೇರಿಯಿಂದ ಮೊದಲ ಬಸ್ಸಿಗೆ ಬಂದಿದ್ದ ಮಗಳು ಮೀನಾಕ್ಷಿ ತಾಯಿಯ ಪಾದದ ಬಳಿ ಕೂತಿದ್ದಳು.

"ಹೊಲಿಯಾಕಿನ ಫಿನಿಶ್ ಆದ ಮ್ಯಾಲ ಕೌದಿ ಇನ್ನ ಹ್ಯಾಂಗ ಫಿನಿಶ್ ಆಕ್ಕೈತಿ?" ಕಟ್ಟೆಯ ಮೇಲಿದ್ದ ಚಂದ್ರಪ್ಪ ಅಂದ. ಇಬ್ಬರು ನಕ್ಕುಬಿಟ್ಟರು.

ಆ 'ಫಿನಿಶ್' ಫಕ್ಕೀರವ್ವನದೇ ಮಾತು, ಓಣಿಗೆಲ್ಲ ಗೊತ್ತಿದ್ದದ್ದು. ಆದರೆ ಆಕೆ ಅದನ್ನು ಹೀಗೆ ಆಡುತ್ತಿರಲಿಲ್ಲ.

*

ಮದುವೆಗೆ ಮುಂಚೆ ಫಕ್ಕೀರವ್ವ ರಾಣೆಬೆನ್ನೂರಿನಲ್ಲಿ ಡಾಕಪ್ಪನೆಂಬ ಟೇಲರನಿಗೆ ಕಾಜಾ ಗುಂಡಿ ಹಾಕಿಕೊಡುತ್ತಿದ್ದಳು. ಮುಂಬಯಿಯಲ್ಲಿ ಕೆಲಸ ಕಲಿತವನು ಆತ. ಇಸ್ತ್ರಿಯಾದ ಅಂಗಿಯನ್ನು ಗಿರಾಕಿಯ ಕಣ್ಣಿಗೆ ಬೀಳುವಂತೆ ಮೊಳೆಗೆ ತೂಗುಹಾಕಿ "ಫಿನಿಶ್!" ಎನ್ನುತ್ತಿದ್ದ. ಆ ಒಂದು ಇಂಗ್ಲಿಷ್ ಮಾತು ಅವಳ ಜೊತೆ ಗಂಡನ ಮನೆಗೆ ಬಂತು.

ಅವಳಿಗೆ ಅದು ಬೇಕೂ ಇತ್ತು. ಅಕ್ಕಿ ತೀರಿತು ಅನ್ನಬಾರದು, ಹೆಚ್ಚಾಯಿತು ಅನ್ನಬೇಕು ಎಂದು ಬೆಳೆದವಳು. ಕೂಸಿಗೆ ಹೊದಿಸುವ ಕೌದಿಯ ಮೇಲೆ ಕೈಯಿಟ್ಟು 'ಮುಗೀತು' ಅನ್ನುವುದಾದರೂ ಹೇಗೆ? ಕೌದಿ ಹಸಿದಿರಬಾರದೆಂದು ಕೊನೆಯ ಮೂಲೆಯೊಳಗೆ ನಾಲ್ಕು ಜೋಳದ ಕಾಳು ಇಟ್ಟು ಹೊಲಿದು, ದಾರವನ್ನು ಹಲ್ಲಿನಿಂದ ಕಡಿದು, ಬಂದವರ ಹೆಗಲಿಗೆ ತಾನೇ ಹೊದಿಸಿ "ಫಿನಿಶ್" ಎನ್ನುತ್ತಿದ್ದಳು.

ಶಾಲೆಗೆ ಹೋಗುತ್ತಿದ್ದ ಮೀನಾಕ್ಷಿ ಒಮ್ಮೆ ಉಂಡ ತಾಟು ಸರಿಸಿ "ಫಿನಿಶ್" ಅಂದಾಗ ತಾಯಿ ಗದರಿಸಿದ್ದಳು.

"ಉಂಡದ್ದಕ್ಕ ಅನ್ನೂದಲ್ಲ ಅದು. ಕೊಡೂ ಮುಂದ ಅನ್ನೂ ಮಾತು."

"ಹಂಗ ಯಾವ ಪುಸ್ತಕದಾಗೂ ಬರದಿಲ್ಲಬೇ ಅವ್ವಾ."

"ಪುಸ್ತಕ ಬರದಾಂವ ಕೌದಿ ಹೊಲದಿದ್ನೇನು?"

*

"ಚಿಗವ್ವಾ, ತಾ ಇಲ್ಲೆ," ಮೀನಾಕ್ಷಿ ಕೈಚಾಚಿದಳು. "ಒಂದ ಮೂಲಿ ಉಳದೈತಿ ಅಷ್ಟ."

"ಅಲ್ಲಿ ಕುಣಿ ತಗದ ಕಾಯಾಕತ್ತಾರ, ಇಲ್ಲಿ ಈಕಿ ಹೊಲಿಗಿ ಹಾಕತಾಳಂತ!"

"ಕಾಯಲಿ. ಮಂದಿ ಕೌದಿ ಮನ್ಯಾಗ ಇಟಗೊಂಡು ಅವ್ವ ಎಂದಾದ್ರೂ ಊರಿಗೆ ಹೋಗಿದ್ದು ನೋಡೀಯೇನು?"

ಪ್ರೇಮವ್ವ ಕೌದಿಯನ್ನು ಅವಳ ತೊಡೆಯ ಮೇಲೆ ಇಳಿಸಿ, "ಸೂತಕದ ಮನಿ ಕಾಳು ಮಾತ್ರ ಹಾಕಬ್ಯಾಡ್ರಿ," ಅಂದಳು.

ಮುಮ್ತಾಜಬಿ ಓಡಿಹೋಗಿ ತನ್ನ ಮನೆಯಿಂದ ಮುಷ್ಟಿಯಲ್ಲಿ ಜೋಳ ತಂದಳು.

ಮೀನಾಕ್ಷಿ ಸೂಜಿ ಹಿಡಿದು ವರ್ಷಗಳಾಗಿದ್ದವು. ಬಟ್ಟೆಯನ್ನು ಬಿಗಿಯಾಗಿ ಹಿಡಿದುಕೊಟ್ಟವಳು ಪ್ರೇಮವ್ವನೇ. "ಎಷ್ಟ ಉದ್ದ ಟಾಕಾ ಹಾಕತೀಯಬೇ! ನಿಮ್ಮವ್ವ ಎದ್ದ ಬಂದ ಬಿಚ್ಚತಾಳ ನೋಡು," ಅಂದವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಮೀನಾಕ್ಷಿ ದಾರವನ್ನು ಹಲ್ಲಿನಿಂದ ಕಡಿದಳು. ಎದ್ದು, ಕೌದಿಯನ್ನು ಮುಮ್ತಾಜಬಿಯ ಹೆಗಲಿಗೆ ಹೊದಿಸಿದಳು. ತುಟಿ ಅಲುಗಿತು, ನಿಂತಿತು, ಮತ್ತೆ ಅಲುಗಿತು.

"ಫಿನಿಶ್."

ಚಂದ್ರಪ್ಪ ಕಟ್ಟೆಯಿಂದ ಇಳಿದು ನಿಂತ. ಭಜನೆಯ ತಾಳ ಶುರುವಾಯಿತು.

ಮಟಮಟ ಮಧ್ಯಾಹ್ನ ಫಕ್ಕೀರವ್ವನನ್ನು ಕೂಡಿಸಿದ ಬಿದಿರಿನ ವಿಮಾನ ನಾಲ್ವರ ಹೆಗಲೇರಿ ಓಣಿಯ ತಿರುವು ದಾಟಿತು. ಅದರ ಹಿಂದೆ, ಸುಡುವ ಬಿಸಿಲಿನಲ್ಲಿ, ಮುಮ್ತಾಜಬಿ ಕೌದಿ ಹೊದ್ದುಕೊಂಡೇ ನಡೆದಿದ್ದಳು. ಉದ್ದ ಟಾಕಾ ಬಿದ್ದ ಆ ಮೂಲೆಯನ್ನು, ಕಾಳು ಉದುರದಂತೆ, ಮುಷ್ಟಿಯಲ್ಲಿ ಹಿಡಿದಿದ್ದಳು.