ಆರಿನ್ ನಿಲ್ಲಿಸಿದ ಚೆಕ್ಕು

ಆರಿನ್‌ಗೂ ಅವನ ತಮ್ಮ ಗೇಲನ್‌ಗೂ ಜಗಳವಾಗಿದ್ದು ಒಂದು ಬಾಗಿಲಿಗಾಗಿ. ಕೆರೆ ಹೆಪ್ಪುಗಟ್ಟಿದ ಮೇಲೆ ಒಳಗೆ ಕೂತು ಮೀನು ಹಿಡಿಯಲಿಕ್ಕೆಂದು ಇಬ್ಬರೂ ಸೇರಿ ಒಂದು ಮರದ ಗುಡಿಸಲು ಕಟ್ಟುವ ಮಾತಾಗಿತ್ತು. ಕಟ್ಟಿದವನು ಗೇಲನ್. ಅರ್ಧ ಖರ್ಚು ಮುನ್ನೂರ ಹನ್ನೆರಡು ಡಾಲರ್ ನಲವತ್ತಾರು ಸೆಂಟಿಗೆ ಚೆಕ್ಕು ಬರೆದು ಕಳಿಸಿದವಳು ಆರಿನ್‌ನ ಹೆಂಡತಿ ಲೂಯೆಲಾ. ಮಾರನೆಯ ದಿನ ಆರಿನ್ ಹೋಗಿ ನೋಡಿದರೆ ಬಾಗಿಲು ಉತ್ತರಕ್ಕಿದೆ, ಗಾಳಿ ನೇರ ಮುಖಕ್ಕೆ. ಇವನು ತಮ್ಮನನ್ನು ದಡ್ಡ ಅಂದ, ಅವನು ಇವನನ್ನು ಜಿಪುಣ ಅಂದ. ಜಿಪುಣ ಎಂದದ್ದು ನಿಜವಾದ್ದರಿಂದ ಹೆಚ್ಚು ಚುಚ್ಚಿತು.

"ಚೆಕ್ಕು ಬರ್ದೋಳು ನೀನು, ನೀನೇ ಹೋಗಿ ನಿಲ್ಲಿಸು," ಅಂದ ಆರಿನ್, ಬ್ಯಾಂಕಿನ ಮುಂದೆ ಗಾಡಿ ನಿಲ್ಲಿಸಿ.

"ಕೋಪದಲ್ಲಿ ಕೊಯ್ದ ಮೂಗು ಆಮೇಲೆ ಬರಲ್ಲ ಮಾರಾಯ."

"ಮೂಗು ನಂದು. ನೀನು ಹೋಗು."

ಲೂಯೆಲಾ ಇಳಿದು ಒಳಗೆ ನಡೆದಳು. ಹಿಂದೊಮ್ಮೆ ಈ ಅಣ್ಣತಮ್ಮ ಒಂದು ಹಳೇ ಟ್ರ್ಯಾಕ್ಟರ್‌ಗಾಗಿ ಮುನಿಸಿಕೊಂಡು ಹನ್ನೊಂದು ವರ್ಷ ಮಾತು ಬಿಟ್ಟಿದ್ದರು. ಆ ಹನ್ನೊಂದು ವರ್ಷವೂ ಅವಳು ತನ್ನ ಜೀವದ ಗೆಳತಿ, ಗೇಲನ್‌ನ ಹೆಂಡತಿ ಆರ್ಡೆಲ್ ಜೊತೆ ಚರ್ಚಿನಲ್ಲಿ ಒಂದೇ ಬೆಂಚಿನಲ್ಲಿ ಕೂರಲಿಲ್ಲ. ಈಗ ಅಣ್ಣತಮ್ಮ ಇಬ್ಬರಿಗೂ ಎಪ್ಪತ್ತು ದಾಟಿದೆ. ಇನ್ನೊಂದು ಹನ್ನೊಂದು ವರ್ಷ ಯಾರ ಕೈಲಿದೆ? ಚೆಕ್ಕಿನ ಮೇಲೆ 'ಪಾವತಿ ತಡೆಯಲಾಗಿದೆ' ಎಂಬ ಮುದ್ರೆ ಬಿದ್ದು ಅದು ವಾಪಸು ಬಂದರೆ, ಗೇಲನ್ ಸತ್ತರೂ ಮರೆಯುವವನಲ್ಲ.

ಕೌಂಟರಿನಲ್ಲಿ ಮಾರ್ಸಿ ಫಾರಂ ತೆಗೆದಳು. "ಚೆಕ್ ನಂಬರ್ ಹೇಳಿ ಆಂಟಿ. ಮೊತ್ತ ಸೆಂಟ್ ಸಮೇತ ಸರಿಯಾಗಿ ಹೇಳ್ಬೇಕು. ಒಂದು ಸೆಂಟ್ ಆಚೀಚೆ ಆದ್ರೂ ಕಂಪ್ಯೂಟರ್‌ಗೆ ಅದು ಬೇರೆ ಚೆಕ್ಕು, ದುಡ್ಡು ಕೊಟ್ಟುಬಿಡತ್ತೆ. ನಿಲ್ಲಿಸೋಕೆ ಇಪ್ಪತ್ತು ಡಾಲರ್ ಅಂತೂ ಆಗತ್ತೆ."

ಚೆಕ್‌ಬುಕ್ಕಿನ ಕಾರ್ಬನ್ ಪ್ರತಿ ಅವಳ ಕಣ್ಣ ಮುಂದೆಯೇ ಇತ್ತು.

"ಮುನ್ನೂರ ಹನ್ನೆರಡು... ಅರವತ್ನಾಲ್ಕು ಸೆಂಟ್," ಅಂದಳು ಲೂಯೆಲಾ. ಐವತ್ತು ವರ್ಷದ ಸಂಸಾರದಲ್ಲಿ ಗಂಡನಿಂದ ಮುಚ್ಚಿಟ್ಟು ಅವಳು ಹೇಳಿದ ಮೊದಲ ದೊಡ್ಡ ಸುಳ್ಳು ಅದು.

ಮಾರ್ಸಿ ಹೇಳಿದ್ದನ್ನು ಹೇಳಿದಂತೆ ಬರೆದಳು. "ಜಂಟಿ ಖಾತೆ ಅಲ್ವಾ, ಅಂಕಲ್ ಸಹಿನೂ ಬೇಕು."

ಲೂಯೆಲಾ ಇದನ್ನು ಎಣಿಸಿರಲಿಲ್ಲ. ಫಾರಂ ಹಿಡಿದು ಗಾಡಿಗೆ ಬಂದಳು. ಆರಿನ್ ಕನ್ನಡಕ ಹಾಕಿಕೊಂಡ. ಅಂಗಡಿಯ ಚೀಟಿಯನ್ನೂ ಮೂರು ಸಲ ಕೂಡುವ ಮನುಷ್ಯ.

"ಚೆಕ್‌ಬುಕ್ ಕೊಡು."

ಕೊಟ್ಟಳು. ನೋಡಲಾರದೆ ಕಿಟಕಿಯ ಆಚೆ ಮುಖ ತಿರುಗಿಸಿ, ರಸ್ತೆ ಬದಿಯ ಹಿಮದ ಗುಡ್ಡೆಯನ್ನೇ ದಿಟ್ಟಿಸಿದಳು. ಅವನು ತಲೆ ಮೇಲಿನ ಬಿಸಿಲುಮರೆಯ ಹಿಂದೆ ಏನೋ ತಡಕಾಡಿದ ಸದ್ದು ಕೇಳಿತು.

"ತಗೋ, ಸಹಿ ಆಯ್ತು. ಬೇಗ ಕೊಟ್ಟು ಬಾ, ಚಳಿ."

ಅಬ್ಬಾ, ಸಿಟ್ಟಿನಲ್ಲಿ ಕಣ್ಣು ಮಂಜಾಗಿದೆ ಅಂದುಕೊಂಡಳು. ಆದರೆ ವಾಪಸಾಗುವಾಗ ಆರಿನ್ ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿ, ಎರಡು ತುಂಡು ಸೇಬಿನ ಪೈ ತಿಂದು, ಗುನುಗುನು ಹಾಡಿಕೊಂಡ. ತಮ್ಮನ ಮಾನ ಕಳೆಯೋದರಲ್ಲಿ ಇಷ್ಟು ಖುಷಿಯೇ ಎಂದು ಅವಳಿಗೆ ಅಸಹ್ಯವಾಯಿತು. ಅವಳ ಪೈ ತಟ್ಟೆಯಲ್ಲೇ ಉಳಿಯಿತು.

ಬುಧವಾರ ಗೇಲನ್‌ನ ಗಾಡಿ ಅಂಗಳಕ್ಕೆ ಬಂತು. ಲೂಯೆಲಾ ಸೆರಗಿಲ್ಲದ ಊರಿನವಳು, ಏಪ್ರನ್ನನ್ನೇ ಹಿಂಡಿಕೊಂಡು ನಿಂತಳು.

"ದುಡ್ಡು ಬಂತು ಕಣೋ," ಎಂದ ಗೇಲನ್ ಬಾಗಿಲಲ್ಲೇ. "ಜಿಪುಣ ಅಂದಿದ್ದು ತಪ್ಪಾಯ್ತು. ನನ್ನ ಕೈಲಿ ಅಷ್ಟೆಲ್ಲ ಬೈಸ್ಕೊಂಡ ಮೇಲೆ ಚೆಕ್ಕು ಪಾಸಾಗಲ್ಲ ಅಂದ್ಕೊಂಡಿದ್ದೆ. ಆಮೇಲೆ, ಆ ಬಾಗಿಲು... ಗುಡಿಸಲಿನ ಕೆಳಗೆ ಮಂಜುಗಡ್ಡೆ ಮೇಲೆ ಎಳೆಯೋಕೆ ಜಾರುದಿಮ್ಮಿ ಇದ್ಯಲ್ಲೋ, ಗುಡಿಸಲನ್ನೇ ತಿರುಗಿಸಿದ್ರೆ ಆಯ್ತು!"

ಆರಿನ್ ಹಣೆ ಚಚ್ಚಿಕೊಂಡ. "ಅದು ನನಗೂ ಹೊಳೀಲಿಲ್ಲ," ಅಂದ. ಇಬ್ಬರು ಮುದುಕರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ಭಾನುವಾರ ಲೂಯೆಲಾ ಮತ್ತು ಆರ್ಡೆಲ್ ಒಂದೇ ಬೆಂಚಿನಲ್ಲಿ ಕೂತರು.

ತಿಂಗಳ ಕೊನೆಗೆ ಬ್ಯಾಂಕಿನ ಲೆಕ್ಕದ ಪಟ್ಟಿ ಬಂತು. ಗಂಡ ನೋಡುವ ಮೊದಲು ತಾನೇ ತಾಳೆ ನೋಡೋಣ ಎಂದು ಲೂಯೆಲಾ ಚೆಕ್‌ಬುಕ್ ತೆರೆದಳು. ಗೇಲನ್‌ನ ಚೆಕ್ಕಿನ ಕಾರ್ಬನ್ ಪ್ರತಿಯಲ್ಲಿ ನಲವತ್ತಾರರ ಕೆಳಗೆ ದಪ್ಪನೆಯ ಕೆಂಪು ಗೀಟು. ಆರಿನ್ ಗಾಡಿಯ ಬಿಸಿಲುಮರೆಯ ಹಿಂದೆ ಸಿಕ್ಕಿಸಿಕೊಂಡಿರುವ ಬಡಗಿ ಪೆನ್ಸಿಲ್ಲಿನದು. ಆ ಪೆನ್ಸಿಲ್ ಎಂದೂ ಮನೆಯೊಳಗೆ ಬಂದದ್ದಿಲ್ಲ.

ಅಂದರೆ ಆ ಗೀಟು ಗಾಡಿಯಲ್ಲಿ ಸಹಿ ಹಾಕುವಾಗಲೇ ಬಿದ್ದದ್ದು. ಆ ಪೈ ತಿಂದ ಖುಷಿ ಈಗ ಅರ್ಥವಾಯಿತು. ಇಂಥ ಗಂಡನ ಮೇಲೆ ಸುಮ್ಮನೆ ಮುನಿಸಿಕೊಂಡೆನಲ್ಲ ಎಂದುಕೊಂಡಳು.

"ಆರಿನ್," ಎಂದು ಕೂಗಿದಳು, "ಚೆಕ್ಕು ನಿಲ್ಲಿಸಿದ್ದಕ್ಕೆ ಇಪ್ಪತ್ತು ಡಾಲರ್ ಹಿಡ್ಕೊಂಡಿದಾರೆ."

"ಹಿಡ್ಕೊಳ್ಳಲಿ. ನನ್ನ ಸಿಟ್ಟಿಗೆ ಅಷ್ಟಾದ್ರೂ ದಂಡ ಬೇಡ್ವ?" ಗಾಳದ ದಾರ ಸುತ್ತುತ್ತಿದ್ದವನು ತಲೆ ಎತ್ತಲಿಲ್ಲ. "ಆದ್ರೆ ಫಾರಂ ಮೇಲೇ ಬರ್ದಿತ್ತಲ್ಲೇ, ಒಂದು ಸೆಂಟ್ ತಪ್ಪಿದ್ರೆ ಸಾಕು ಅಂತ. ನೀನು ದುಂದುಗಾರ್ತಿ, ಹದಿನೆಂಟು ಸೆಂಟ್ ತಪ್ಪು ಹೇಳಿದೀಯ!"