ಮಿಹೊ ಬೈಕ್ ಹತ್ತಿದ್ದು

ಗಲ್ಫಿನ ಅಲ್ ಕೂಜ್‌ನ ಆ ಗ್ಯಾರೇಜಿನಲ್ಲಿ ಎಂಥ ಹದಗೆಟ್ಟ ಬೈಕಿಗೂ ಜೀವ ತುಂಬುವ, ಆದರೆ ಪ್ರಾಣ ಹೋದರೂ ಅದರ ಮೇಲೆ ಕೂರದೆ ಅಂಗಳದುದ್ದಕ್ಕೂ ತಳ್ಳಿಕೊಂಡೇ ಬರುವ ಮೆಕ್ಯಾನಿಕ್ ಒಬ್ಬಳೇ: ಜಪಾನಿನ ಮಿಹೊ. ವಯಸ್ಸು ನಲವತ್ತು ದಾಟಿದ್ದರೂ ಭುಜ ಹಿಂದೆಳೆದು, ಪಾದ ಹೊರಚಾಚಿ, ಬೀದಿ ತನಗೆ ಬರೆದುಕೊಟ್ಟದ್ದೆಂಬಂತೆ ನಡೆಯುವ ಠೀವಿ. ಮಾತಿನಲ್ಲಿ ಮಾತ್ರ ಮಹಾ ಜಿಪುಣತನ. ಪ್ರತಿ ಬೋಲ್ಟ್ ಬಿಗಿದ ಮೇಲೆ ಅದಕ್ಕೆ ಬೆರಳು ತೋರಿಸಿ ‘ಯೋಶಿ’, ಅಂದರೆ ಸರಿಯಿದೆ, ಎಂದರೆ ಆಯಿತು. ಲಾಕರಿನಲ್ಲಿ ಬೆನ್ನತುಂಬ ಜರಿಯಕ್ಷರಗಳ ಉದ್ದನೆಯ ಬಿಳಿ ಕೋಟೊಂದಿತ್ತು. ಅದನ್ನು ಯಾರೂ ಮುಟ್ಟುವಂತಿರಲಿಲ್ಲ.

ರಿಸೆಪ್ಷನ್ನಿನ ಡೆಲ್ಫಿನ್, ಕಿನ್ನಿಗೋಳಿಯವಳು, ಮಿಹೊಳನ್ನು ಬಹಳ ಹಚ್ಚಿಕೊಂಡಿದ್ದಳು. ಹಾಗಾಗಿ ಮ್ಯಾನೇಜರ್ ಮೋಹನದಾಸರು ಸುದ್ದಿಯನ್ನು ಮೊದಲು ತಂದದ್ದು ಅವಳ ಬಳಿಗೇ.

‘ರಿಪೇರಿ ಮಾಡಿದವರೇ ಓಡಿಸಿ ನೋಡ್ಬೇಕು ಅಂತ ಹೊಸ ರೂಲ್ ಮಾರಾಯ್ತಿ. ಗುರುವಾರದೊಳಗೆ ಅವಳು ಬೈಕ್ ಹತ್ತದಿದ್ರೆ ವೀಸಾ ರಿನ್ಯೂ ಮಾಫಿ, ಆಗುದೇ ಇಲ್ಲ. ನಾನೆಂತ ಮಾಡುದು?’

ಡೆಲ್ಫಿನ್ ಚಹಾ ಹಿಡಿದು ಹೋಗಿ ಪಕ್ಕದಲ್ಲೇ ಕೂತಳು. ಅಂದು ಮಿಹೊ ಬಾಯಿಬಿಟ್ಟಳು. ಹದಿಹರೆಯದಲ್ಲಿ ಅವಳಿದ್ದದ್ದು ಶಾಲೆಯೂ ಮನೆಯೂ ಕೈಬಿಟ್ಟ ಹುಡುಗಿಯರ ಬೈಕ್ ತಂಡದಲ್ಲಿ; ಲಾಕರಿನ ಕೋಟು ಆ ತಂಡದ್ದು. ಅವರ ಸದ್ದು ಕೇಳಿದರೆ ಊರು ಶಟರ್ ಎಳೆಯುತ್ತಿತ್ತು. ಯಾರಿಗೂ ಬೇಡವಾದ ಆ ಹುಡುಗಿಯರಿಗೂ ಒಂದು ಕಟ್ಟಳೆಯಿತ್ತು: ತಂಡ ಬಿಡುವವಳು ಕೋಟು ತೊಟ್ಟು ಕೊನೆಯ ಸವಾರಿ ಮಾಡಬೇಕು, ಅದಕ್ಕೆ ಮೊದಲು ನಾಯಕಿ ತಾನಾಗಿ ತಲೆಬಾಗಿ ಬಿಡುಗಡೆ ಕೊಡಬೇಕು. ಅಲ್ಲಿಯತನಕ ಒಂಟಿಯಾಗಿ ಬೈಕ್ ಹತ್ತುವುದು ದ್ರೋಹ. ಬಿಡುಗಡೆಗೆ ಮೊದಲೇ ಪೊಲೀಸರು ಹಿಡಿದು ಮಿಹೊಳನ್ನು ಸುಧಾರಣಾಲಯಕ್ಕೆ ಹಾಕಿದರು. ಹೊರಬರುವಷ್ಟರಲ್ಲಿ ತಂಡವೇ ಚದುರಿತ್ತು.

‘ಇಪ್ಪತ್ತೈದು ವರ್ಷ ಆಯ್ತಲ್ಲ! ಕೇಳ್ಬಾರದಿತ್ತಾ?’

‘ಕೇಳಿ ಪಡೆಯುವಂಥದ್ದಲ್ಲ,’ ಎಂದಳು ಮಿಹೊ.

ಕೇಳುವುದಕ್ಕೆ ಡೆಲ್ಫಿನ್‌ಗೆ ಯಾವ ಕಟ್ಟಳೆಯೂ ಅಡ್ಡಬರಲಿಲ್ಲ. ಮಿಹೊಗೆ ಬಂದಿದ್ದ ಹೊಸವರ್ಷದ ಶುಭಾಶಯಪತ್ರವೊಂದರಲ್ಲಿ ನಾಯಕಿಯ ನಂಬರು ಸಿಕ್ಕಿತು; ಫೋನಿನಲ್ಲೇ ಜಪಾನಿಗೆ ಅನುವಾದಿಸಿ ಎಲ್ಲವನ್ನೂ ಬರೆದು ಕಳಿಸಿದಳು. ಆಕೆ ಈಗ ಶಿಶುವಿಹಾರದ ವ್ಯಾನ್ ಚಾಲಕಿ. ಬುಧವಾರ ಬೆಳಗ್ಗೆ ಮಿಹೊಳ ಮುಂದೆ ಹಿಡಿದ ವಿಡಿಯೋ ಕರೆಯಲ್ಲಿ ಆ ಹೆಂಗಸು ಕನ್ನಡಕ ತೆಗೆದಿಟ್ಟು, ಮುಖ ಪರದೆಯಿಂದಲೇ ಮರೆಯಾಗುವಷ್ಟು ಬಾಗಿ ಏನೋ ಹೇಳಿದಳು.

‘ಎಂತ ಹೇಳಿದ್ದು?’

ಮಿಹೊ ಗ್ರೀಸಿನ ತೋಳಲ್ಲೇ ಮುಖ ಒರೆಸಿಕೊಂಡಳು. ‘ಇಷ್ಟು ದಿನ ನೀನು ದುಡಿದದ್ದು ಸಾಕು, ಹೋಗಿ ಬಾ ಅಂದಳು. ತಡವಾಯಿತು, ಕ್ಷಮಿಸು ಅಂದಳು.’

ಗುರುವಾರದ ಸುಡುಬಿಸಿಲಿನಲ್ಲಿ, ಕೋಟು ತೊಟ್ಟು, ಹೆಲ್ಮೆಟ್ ಹಾಕಿ, ತಾನೇ ರಿಪೇರಿ ಮಾಡಿದ ಬೈಕಿನಲ್ಲಿ, ಹಿಂದೆ ಗ್ಯಾರೇಜಿನ ಗಿರಾಕಿಗಳ ಆರು ಡೆಲಿವರಿ ಬೈಕುಗಳ ಪರಿವಾರದೊಡನೆ ತಂಡದವಳಾಗಿ ಅವಳ ಕೊನೆಯ ಸವಾರಿ ಹೊರಟಿತು: ಗಂಟೆಗೆ ನಲವತ್ತು ಕಿಲೋಮೀಟರ್, ತಿರುವಿಗೊಮ್ಮೆ ಇಂಡಿಕೇಟರ್, ರಸ್ತೆ ದಾಟುವ ಒಬ್ಬನೇ ಒಬ್ಬ ಪಾದಚಾರಿಗಾಗಿ ಇಡೀ ಮೆರವಣಿಗೆ ನಿಂತಿತು. ‘ಪಾಸ್ ಮಾರಾಯ್ತಿ,’ ಎಂದು ಮೋಹನದಾಸ್ ಸಹಿ ಹಾಕಿದಾಗ ಡೆಲ್ಫಿನ್ ಉಸ್ಸೆಂದು ಕುರ್ಚಿಗೆ ಒರಗಿ ಅತ್ತಳು.

ಲಂಗುಲಗಾಮಿಲ್ಲದವರೆಂದು ಲೋಕ ಹೊರಗಟ್ಟಿದವರು ತಮ್ಮ ಕಟ್ಟಳೆಗೆ ನಡೆದುಕೊಳ್ಳುವಷ್ಟು ನಿಷ್ಠೆಯಿಂದ ನಾವು ನಮ್ಮ ಕಾನೂನಿಗೆ ನಡೆದುಕೊಂಡದ್ದುಂಟೇ? ಅವರನ್ನು ತಿದ್ದಲು ಸರ್ಕಾರಗಳು ಕಟ್ಟಡಗಳನ್ನೇ ಕಟ್ಟಿಸುತ್ತವೆ. ಅವರು ಕಾಯುತ್ತಿರುವುದು, ಒಮ್ಮೆ ತಮ್ಮನ್ನು ‘ನಮ್ಮವಳು’ ಎಂದವರ ಬಾಯಿಂದ ‘ಸಾಕು, ಹೋಗಿ ಬಾ’ ಎಂಬ ಒಂದು ಮಾತಿಗೆ.